ಹೊರಗಿನ ಡೆಬ್ ಪ್ಯಾಕೇಜನ್ನು ವಿಎಂ ಒಳಗೆ ಬಿಚ್ಚಿ ನೋಡಿ, ಆಮೇಲೆ ಹಾಕಿ

ಡೆಬಿಯನ್, ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳಲ್ಲಿ ಡೆಬ್ ಫೈಲೊಂದನ್ನು (ತಂತ್ರಾಂಶದ ಕಟ್ಟು, ಅಂದರೆ ಪ್ಯಾಕೇಜು) ಹಾಕಲು ಸುಡೋ (ನಿರ್ವಾಹಕರ ಅಧಿಕಾರ ಕೊಡುವ ಕಮಾಂಡು) ಪಾಸ್‌ವರ್ಡ್ ಕೊಟ್ಟ ಮೇಲೆ ಎರಡು ಕೆಲಸ ನಡೆಯುತ್ತವೆ. ಒಂದು, ಫೈಲುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುವುದು. ಇನ್ನೊಂದು, ಪ್ಯಾಕೇಜಿನ ಜೊತೆ ಬಂದ ಪ್ರೀಇನ್‌ಸ್ಟ್ (ಹಾಕುವ ಮುಂಚಿನದು), ಪೋಸ್ಟ್‌ಇನ್‌ಸ್ಟ್ (ಹಾಕಿದ ಮೇಲಿನದು) ಎಂಬ ಸ್ಕ್ರಿಪ್ಟುಗಳು ರೂಟ್, ಅಂದರೆ ಇಡೀ ಯಂತ್ರದ ಪೂರ್ಣ ಅಧಿಕಾರದಲ್ಲಿ ಓಡುವುದು. ಆ ಪ್ರೋಗ್ರಾಮನ್ನು ನೀವು ಒಮ್ಮೆಯೂ ತೆರೆಯದೆ ಇದ್ದರೂ ಇವು ಓಡಿ ಮುಗಿದಿರುತ್ತವೆ. ಹೊರಗಿನ ಪ್ಯಾಕೇಜು (ವ್ಯವಸ್ಥೆಯ ಅಧಿಕೃತ ಸಂಗ್ರಹದಿಂದ ಬಾರದ್ದು) ಎಂದಾಗ ಮೊದಲು ಹೆದರಬೇಕಾದದ್ದು ಈ ಸ್ಕ್ರಿಪ್ಟುಗಳಿಗೆ.

ಇದು ಬರೀ ಊಹೆಯ ಭಯವಲ್ಲ. ಫ್ರೀ ಡೌನ್‌ಲೋಡ್ ಮ್ಯಾನೇಜರ್ ಎಂಬ ತಂತ್ರಾಂಶದ ತಾಣಕ್ಕೆ 2020ರಿಂದ 2022ರ ನಡುವೆ ಹೋದ ಕೆಲವು ಲಿನಕ್ಸ್ ಬಳಕೆದಾರರು ಬೇರೊಂದು ಡೊಮೇನಿಗೆ ತಿರುಗಿ, ಅಲ್ಲಿಂದ ಕೆಟ್ಟ ಡೆಬ್ ಫೈಲನ್ನು ಇಳಿಸಿಕೊಂಡರು. ಅದರ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟು /ವಾರ್/ಟೆಂಪ್ ಒಳಗೆ ಎರಡು ಬೈನರಿಗಳನ್ನು ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಓಡುವ ಕ್ರಾನ್ ಕೆಲಸವೊಂದನ್ನು ಸೇರಿಸುತ್ತಿತ್ತು. ಪಾಸ್‌ವರ್ಡು, ಕ್ಲೌಡ್ ಖಾತೆಯ ಕೀಲಿ, ಕ್ರಿಪ್ಟೋ ವಾಲೆಟ್ಟು ಎಲ್ಲವನ್ನೂ ಅದು ಕದಿಯುತ್ತಿತ್ತು. ಕ್ಯಾಸ್ಪರ್‌ಸ್ಕಿ ಸಂಶೋಧಕರು ಇದನ್ನು ಬಯಲಿಗೆ ತಂದದ್ದು 2023ರ ಸೆಪ್ಟೆಂಬರಿನಲ್ಲಿ. ಗಮನಿಸಿ: ಹೀಗೆ ಸ್ಕ್ರಿಪ್ಟು ಸೃಷ್ಟಿಸಿದ ಫೈಲುಗಳು ಡಿಪಿಕೆಜಿ (ಪ್ಯಾಕೇಜು ಹಾಕುವ, ತೆಗೆಯುವ ಉಪಕರಣ) ಇಡುವ ಲೆಕ್ಕದಲ್ಲಿ ಇರುವುದಿಲ್ಲ. ಪ್ಯಾಕೇಜನ್ನು ತೆಗೆದು ಹಾಕಿದರೂ ಅವು ಅಲ್ಲೇ ಉಳಿಯುತ್ತವೆ.

ಆದ್ದರಿಂದಲೇ ವಿಎಂ (ವರ್ಚುವಲ್ ಮಷೀನ್, ಅಂದರೆ ನಿಮ್ಮ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರು) ಬೇಕು. ಆದರೆ ಅದನ್ನು ಸರಿಯಾಗಿ ಸಿದ್ಧ ಮಾಡದಿದ್ದರೆ ಅದೊಂದು ತೆಳು ಪರದೆ ಅಷ್ಟೇ. 2 ಸಿಪಿಯು, 4 ಜಿಬಿ ರ್‍ಯಾಮ್, 25 ಜಿಬಿ ಡಿಸ್ಕು ಸಾಕು. ಅಪ್‌ಡೇಟ್ ಮುಗಿಸಿ, ವಿಎಂ ಅನ್ನು ಪೂರ್ತಿ ಆಫ್ ಮಾಡಿ ಸ್ನ್ಯಾಪ್‌ಶಾಟ್ (ಬೇಕಾದಾಗ ಮರಳಬಹುದಾದ ಆಗಿನ ಸ್ಥಿತಿಯ ಪ್ರತಿ) ತೆಗೆಯಿರಿ. ಆಫ್ ಮಾಡಿ ತೆಗೆದ ಸ್ನ್ಯಾಪ್‌ಶಾಟ್ ಚಿಕ್ಕದು, ಮರಳುವಾಗ ತಕರಾರೂ ಕಡಿಮೆ. ವರ್ಚುವಲ್‌ಬಾಕ್ಸ್ (ವಿಎಂ ಓಡಿಸುವ ತಂತ್ರಾಂಶ) ಆದರೆ ಶೇರ್ಡ್ ಕ್ಲಿಪ್‌ಬೋರ್ಡು, ಡ್ರ್ಯಾಗ್ ಅಂಡ್ ಡ್ರಾಪ್ ಎರಡನ್ನೂ ಡಿಸೇಬಲ್ ಮಾಡಿ. ಎರಡೂ ಕಡೆ ಹಂಚಿದ ಕ್ಲಿಪ್‌ಬೋರ್ಡು ಇದ್ದರೆ ಹೋಸ್ಟಿನಲ್ಲಿ (ನಿಮ್ಮ ನಿಜವಾದ ಯಂತ್ರದಲ್ಲಿ) ನೀವು ಕಾಪಿ ಮಾಡಿದ ಪಾಸ್‌ವರ್ಡು ಗೆಸ್ಟಿನೊಳಗಿನ (ವಿಎಂ ಒಳಗಿನ) ಪ್ರೋಗ್ರಾಮಿಗೂ ಸಿಗುತ್ತದೆ. ಶೇರ್ಡ್ ಫೋಲ್ಡರ್ ಬೇಕೇ ಬೇಕೆಂದರೆ ರೀಡ್ ಓನ್ಲಿ ಇಡಿ. ಆ ವಿಎಂನಲ್ಲಿ ನಿಮ್ಮ ಎಸ್‌ಎಸ್‌ಎಚ್ ಕೀಲಿ, ಬ್ರೌಸರಿನ ಲಾಗಿನ್ನು ಯಾವುದೂ ಇರಬಾರದು.

ನೆಟ್‌ವರ್ಕಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ನ್ಯಾಟ್ (ಹೋಸ್ಟಿನ ವಿಳಾಸದ ಹಿಂದೆ ಗೆಸ್ಟನ್ನು ಮರೆಮಾಡುವ ಜೋಡಣೆ) ಇಟ್ಟರೆ ಸುರಕ್ಷಿತ ಎನ್ನುತ್ತಾರೆ. ಹೊರಗಿನಿಂದ ಗೆಸ್ಟಿಗೆ ಯಾರೂ ನೇರವಾಗಿ ಬರಲಾರರು, ನಿಜ. ಆದರೆ ಗೆಸ್ಟಿನಿಂದ ಹೊರಗೆ ಹೋಗಲು ತಡೆಯಿಲ್ಲ. ಮನೆಯ ರೌಟರ್, ಅದೇ ವೈಫೈಯಲ್ಲಿರುವ ಬೇರೆ ಕಂಪ್ಯೂಟರು, ವರ್ಚುವಲ್‌ಬಾಕ್ಸಿನಲ್ಲಿ 10.0.2.2 ವಿಳಾಸದ ಮೂಲಕ ಹೋಸ್ಟಿನ ಸೇವೆಗಳು ಎಲ್ಲವೂ ಅದಕ್ಕೆ ಸಿಗಬಹುದು. ಇದಕ್ಕೆ ಮದ್ದನ್ನು ಮುಂದೆ ಹೇಳುತ್ತೇನೆ.

ಫೈಲು ಇಳಿಸಿಕೊಂಡ ಮೇಲೆ ಶಾ256 ಮೊತ್ತ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಹೋಲಿಸಿ ನಿಶ್ಚಿಂತರಾಗುವವರು ಬಹಳ. ಫೈಲು ಹಾದಿಯಲ್ಲಿ ಹಾಳಾಗಿಲ್ಲ ಎಂಬುದಷ್ಟೇ ಅದರಿಂದ ಗೊತ್ತಾಗುವುದು. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೇ ಕನ್ನ ಹಾಕಿ, 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ಕೆಟ್ಟ ಐಎಸ್‌ಒ (ಇಡೀ ವ್ಯವಸ್ಥೆ ಇರುವ ಡಿಸ್ಕ್ ಫೈಲು) ಕಡೆಗೆ ತಿರುಗಿಸಿದ್ದರು. ಕೊಂಡಿ ಬದಲಿಸಬಲ್ಲವನಿಗೆ ಪಕ್ಕದಲ್ಲಿರುವ ಮೊತ್ತವನ್ನು ಬದಲಿಸುವುದು ಕಷ್ಟವೇ? ಜಿಪಿಜಿ ಸಹಿ (ತಯಾರಕರು ತಮ್ಮ ಗುಪ್ತ ಕೀಲಿಯಿಂದ ಹಾಕಿದ ಡಿಜಿಟಲ್ ಸಹಿ) ಇದ್ದರೆ ಅದನ್ನೇ ಪರೀಕ್ಷಿಸಿ, ಕೀಲಿಯ ಫಿಂಗರ್‌ಪ್ರಿಂಟನ್ನು ಬೇರೊಂದು ಮೂಲದಿಂದ ತಾಳೆ ನೋಡಿ. ಬಿಡಿಯಾಗಿ ಇಳಿಸಿದ ಡೆಬ್ ಫೈಲಿನ ಸಹಿಯನ್ನು ಡಿಪಿಕೆಜಿ ತಾನಾಗಿ ಪರೀಕ್ಷಿಸುವುದಿಲ್ಲ ಎಂಬುದು ನೆನಪಿರಲಿ. ಆಪ್ಟ್ (ರೆಪೊಸಿಟರಿ ಎಂಬ ಆನ್‌ಲೈನ್ ಪ್ಯಾಕೇಜು ಸಂಗ್ರಹದಿಂದ ಇಳಿಸಿ ಹಾಕುವ ಉಪಕರಣ) ಪರೀಕ್ಷಿಸುವುದು ರೆಪೊಸಿಟರಿಯ ರಿಲೀಸ್ ಫೈಲಿನ ಸಹಿಯನ್ನು, ಅದರಿಂದ ಹಿಡಿದು ಒಂದೊಂದು ಪ್ಯಾಕೇಜಿನ ಮೊತ್ತವನ್ನು. ಸಹಿ ಸರಿಯಿದ್ದರೂ ಯಾರು ಕಳಿಸಿದರು ಎಂಬುದು ತಿಳಿಯುತ್ತದೆಯೇ ಹೊರತು ಒಳಗೇನಿದೆ ಎಂಬುದಲ್ಲ. 2024ರ ಮಾರ್ಚಿನಲ್ಲಿ ಸಿಕ್ಕಿಬಿದ್ದ ಎಕ್ಸ್‌ಝಡ್ (ಫೈಲು ಕುಗ್ಗಿಸುವ ಉಪಕರಣ) ಹಿಂಬಾಗಿಲು 5.6.0, 5.6.1 ಆವೃತ್ತಿಗಳ ಅಧಿಕೃತ ಸೋರ್ಸ್ ಕೋಡಿನ ಟಾರ್ ಫೈಲಿನಲ್ಲೇ ಕೂತಿತ್ತು.

ಈಗ ಮುಖ್ಯ ಕೆಲಸ, ಬಿಚ್ಚಿ ನೋಡುವುದು. (ಕಮಾಂಡುಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕೊಡಿ.) ಡಿಪಿಕೆಜಿ-ಡೆಬ್ ಕಮಾಂಡಿಗೆ ಕಂಟೆಂಟ್ಸ್ ಆಯ್ಕೆ ಕೊಟ್ಟರೆ ಯಾವ ಫೈಲು ಎಲ್ಲಿ ಹೋಗುತ್ತದೆ ಎಂಬ ಪಟ್ಟಿ ಬರುತ್ತದೆ. ಕಂಟ್ರೋಲ್ ಆಯ್ಕೆ, ಫೈಲಿನ ಹೆಸರು, ಒಂದು ಖಾಲಿ ಫೋಲ್ಡರಿನ ಹೆಸರು ಕೊಟ್ಟರೆ ಸ್ಕ್ರಿಪ್ಟುಗಳೆಲ್ಲ ಆ ಫೋಲ್ಡರಿಗೆ ಬರುತ್ತವೆ. ಏನೂ ಓಡುವುದಿಲ್ಲ, ಸುಡೋ ಕೂಡ ಬೇಡ. ಅಲ್ಲಿಂದ ಪೋಸ್ಟ್‌ಇನ್‌ಸ್ಟ್ ತೆರೆದು ಸಾಲು ಸಾಲಾಗಿ ಓದಿ. ಎಲ್‌ಡಿಕಾನ್ಫಿಗ್, ಸಿಸ್ಟಮ್‌ಸಿಟಿಎಲ್ ಡೀಮನ್ ರಿಲೋಡ್, ಮೆನು ಐಕಾನುಗಳ ಅಪ್‌ಡೇಟು, ಹೊಸ ಸಿಸ್ಟಮ್ ಯೂಸರ್ ಸೇರಿಸುವುದು ಇವೆಲ್ಲ ಸಹಜ. ಕರ್ಲ್ ಅಥವಾ ಡಬ್ಲ್ಯುಗೆಟ್‌ನಿಂದ ಏನನ್ನೋ ಇಳಿಸಿ ಓಡಿಸುವುದು, ಬೇಸ್64 ಗಂಟು (ನೇರವಾಗಿ ಓದಲಾಗದಂತೆ ಬದಲಿಸಿದ ಅಕ್ಷರಗಳ ಸರಣಿ), /ಟೆಂಪ್ ಒಳಗೆ ಬೈನರಿ, ಕ್ರಾನ್ ಸಾಲು ಕಂಡರೆ ಅಲ್ಲೇ ನಿಲ್ಲಿ, ಕಾರಣ ಗೊತ್ತಾಗುವವರೆಗೆ ಹಾಕಬೇಡಿ.

ಸೆಟ್‌ಯುಐಡಿ ಎಂದರೆ ಯಾರು ಓಡಿಸಿದರೂ ಫೈಲಿನ ಒಡೆಯನ, ಹೆಚ್ಚಾಗಿ ರೂಟಿನ, ಅಧಿಕಾರದಲ್ಲಿ ಓಡುವ ಅನುಮತಿ. ಎಲ್ಲ ಸೆಟ್‌ಯುಐಡಿಯೂ ದುರುದ್ದೇಶದ್ದಲ್ಲ. ಎಲೆಕ್ಟ್ರಾನ್ (ಬ್ರೌಸರಿನ ಎಂಜಿನ್ ಮೇಲೆ ಪ್ರೋಗ್ರಾಮು ಕಟ್ಟುವ ಚೌಕಟ್ಟು) ಆಧಾರಿತ ಎಷ್ಟೋ ಪ್ಯಾಕೇಜುಗಳು ಕ್ರೋಮ್-ಸ್ಯಾಂಡ್‌ಬಾಕ್ಸ್ ಫೈಲಿಗೆ 4755, ಅಂದರೆ ಸೆಟ್‌ಯುಐಡಿ ಇರುವ ಅನುಮತಿ ಕೊಡುತ್ತವೆ. ಅದು ಸ್ಯಾಂಡ್‌ಬಾಕ್ಸ್ ಕೆಲಸ ಮಾಡಲೆಂದೇ. ಬೇರೆ ಫೈಲಿಗೆ 4755 ಕಂಡರೆ ಮಾತ್ರ ಅನುಮಾನಪಡಿ. ಗೂಗಲ್ ಕ್ರೋಮ್‌ನ ಡೆಬ್ ತನ್ನ ರೆಪೊಸಿಟರಿಯನ್ನು ತಾನೇ ಸೇರಿಸಿಕೊಳ್ಳುತ್ತದೆ. ಅದರಲ್ಲಿ ಮೋಸವಿಲ್ಲ, ಆದರೆ ಇನ್ನು ಮುಂದೆ ಆ ರೆಪೊಸಿಟರಿಗೂ ನಿಮ್ಮ ರೂಟ್ ಅಧಿಕಾರ ಕೊಟ್ಟಂತೆ ಎಂಬುದು ತಿಳಿದಿರಬೇಕು.

ಹಾಕುವ ಮೊದಲು ಆಪ್ಟ್ ಇನ್‌ಸ್ಟಾಲಿಗೆ ಸಿಮ್ಯುಲೇಟ್ ಆಯ್ಕೆ ಕೊಟ್ಟು ಒಮ್ಮೆ ಓಡಿಸಿ. ಫೈಲಿನ ಹೆಸರು ಶುರುವಾಗುವ ಮೊದಲು ಚುಕ್ಕೆ, ಸ್ಲ್ಯಾಶ್ ಎರಡೂ ಇರಲಿ, ಇಲ್ಲದಿದ್ದರೆ ಆಪ್ಟ್ ಅದನ್ನು ರೆಪೊಸಿಟರಿಯಲ್ಲಿ ಹುಡುಕಿ ಸಿಗಲಿಲ್ಲ ಎನ್ನುತ್ತದೆ. ಬರುವ ಉತ್ತರದಲ್ಲಿ ಕಣ್ಣಿಡಬೇಕಾದದ್ದು ತೆಗೆದುಹಾಕುವ ಪ್ಯಾಕೇಜುಗಳ ಪಟ್ಟಿಯ ಮೇಲೆ. ಲಿಬ್‌ಸಿ6 (ಬಹುತೇಕ ಪ್ರೋಗ್ರಾಮುಗಳು ನೆಚ್ಚುವ ಮೂಲ ಲೈಬ್ರರಿ) ಹೊಸ ಆವೃತ್ತಿಗೆ ಏರುತ್ತದೆ ಎಂದು ಬಂದರೆ ಆ ಡೆಬ್ ನಿಮ್ಮ ಆವೃತ್ತಿಗಾಗಿ ಕಟ್ಟಿದ್ದಲ್ಲ. ಡೆಬಿಯನ್ ಮೇಲೆ ಉಬುಂಟುವಿನ ಪಿಪಿಎ (ಉಬುಂಟುವಿಗಾಗಿ ಬಿಡಿ ತಯಾರಕರು ನಡೆಸುವ ರೆಪೊಸಿಟರಿ) ಸೇರಿಸುವವರಿಗೆ ಕಾಡುವುದು ಇದೇ. ಡೌನ್‌ಲೋಡ್ ಅನ್‌ಸ್ಯಾಂಡ್‌ಬಾಕ್ಸ್ಡ್ ಎಂಬ ಎಚ್ಚರಿಕೆ ಬಂದರೆ ಗಾಬರಿ ಬೇಡ: ನಿಮ್ಮ ಹೋಮ್ ಫೋಲ್ಡರಿನ ಫೈಲನ್ನು ಆಪ್ಟ್‌ನ ಸ್ವಂತ ಯೂಸರ್ ಓದಲಾಗಲಿಲ್ಲ ಎಂದಷ್ಟೇ ಅದರ ಅರ್ಥ.

ನೆಟ್‌ವರ್ಕಿನ ಮದ್ದು ಇಲ್ಲಿದೆ. ಮೊದಲು ಡೌನ್‌ಲೋಡ್ ಓನ್ಲಿ ಆಯ್ಕೆಯಿಂದ ಅವಲಂಬಿತ ಪ್ಯಾಕೇಜುಗಳನ್ನೆಲ್ಲ ಇಳಿಸಿಕೊಳ್ಳಿ. ಆಮೇಲೆ ವಿಎಂ ಸೆಟ್ಟಿಂಗಿನಲ್ಲಿ ಕೇಬಲ್ ಕನೆಕ್ಟೆಡ್ ಟಿಕ್ ತೆಗೆಯಿರಿ, ನಂತರ ಹಾಕಿ. ಪೋಸ್ಟ್‌ಇನ್‌ಸ್ಟ್ ನೆಟ್ ಹುಡುಕುತ್ತಿದ್ದರೆ ಹಲವು ಸಲ ಅಲ್ಲೇ ಸೋತು ದೂರು ಕೊಡುತ್ತದೆ.

ಹಾಕುವ ಮುಂಚೆ ಟಚ್ ಕಮಾಂಡಿನಿಂದ ಒಂದು ಗುರುತಿನ ಫೈಲು ಮಾಡಿಟ್ಟಿರಿ. ಮುಗಿದ ಮೇಲೆ ಫೈಂಡ್ ಕಮಾಂಡಿನಲ್ಲಿ ಸಿನ್ಯೂವರ್ ಆಯ್ಕೆ (ಈ ಯಂತ್ರದಲ್ಲಿ ಫೈಲಿನ ಸ್ಥಿತಿ ಬದಲಾದ ಹೊತ್ತನ್ನು ನೋಡುವುದು) ಬಳಸಿ ಅದಕ್ಕಿಂತ ಹೊಸ ಫೈಲುಗಳನ್ನು ಪಟ್ಟಿ ಮಾಡಿ. ಬರೀ ನ್ಯೂವರ್ ಸಾಲದು, ಏಕೆಂದರೆ ಪ್ಯಾಕೇಜಿನೊಳಗಿನ ಫೈಲುಗಳು ತಮ್ಮ ಹಳೆಯ ತಾರೀಖನ್ನೇ ಹೊತ್ತು ಬರುತ್ತವೆ. ಆ ಪಟ್ಟಿಯಲ್ಲಿ ಯಾವ ಪ್ಯಾಕೇಜಿಗೂ ಸೇರದ ಫೈಲು ಯಾವುದೆಂದು ಡಿಪಿಕೆಜಿಯ ಸರ್ಚ್ ಆಯ್ಕೆಯಿಂದ ಸೋಸಿ. ಲಾಗು, ಕ್ಯಾಶುಗಳನ್ನು ಬಿಟ್ಟು ಉಳಿದದ್ದನ್ನು ಒಂದೊಂದಾಗಿ ನೋಡಿ. ಡೆಬ್‌ಸಮ್ಸ್ (ಪ್ಯಾಕೇಜಿನ ಫೈಲುಗಳ ಮೊತ್ತ ತಾಳೆ ನೋಡುವ ಉಪಕರಣ) ಇಲ್ಲಿ ಉಪಯೋಗಕ್ಕೆ ಬಾರದು, ಸ್ಕ್ರಿಪ್ಟು ಸೃಷ್ಟಿಸಿದ ಫೈಲು ಅದರ ಕಣ್ಣಿಗೇ ಬೀಳುವುದಿಲ್ಲ. ಸಿಸ್ಟಮ್‌ಡಿ ಟೈಮರುಗಳ ಪಟ್ಟಿ, ಎನೇಬಲ್ ಆದ ಸೇವೆಗಳು, ಎಸ್‌ಎಸ್ ಕಮಾಂಡು ತೋರಿಸುವ ಪೋರ್ಟುಗಳು ಇವನ್ನೂ ಮೊದಲು, ಆಮೇಲೆ ಎರಡು ಸಲ ತೆಗೆದಿಟ್ಟು ಡಿಫ್ ಮಾಡಿ.

ಆಮೇಲೆ ಕೇಬಲ್ ಸೇರಿಸಿ ಒಂದು ದಿನ ಓಡಲು ಬಿಡಿ. ರೂಟ್ ಹಿಡಿದ ಕಳ್ಳ ಗೆಸ್ಟಿನೊಳಗಿನ ಉಪಕರಣಗಳಿಗೇ ಸುಳ್ಳು ಹೇಳಿಸಬಲ್ಲ, ಆದ್ದರಿಂದ ನೆಟ್‌ವರ್ಕಿನ ಸಂಚಾರವನ್ನು ಹೋಸ್ಟಿನ ಕಡೆಯಿಂದ ಹಿಡಿಯಬೇಕು. ವರ್ಚುವಲ್‌ಬಾಕ್ಸಿನ ನಿಕ್ ಟ್ರೇಸ್ ಆಯ್ಕೆ ಎಲ್ಲವನ್ನೂ ಪಿಕ್ಯಾಪ್ ಫೈಲಿಗೆ ಬರೆಯುತ್ತದೆ, ವೈರ್‌ಶಾರ್ಕಿನಲ್ಲಿ ತೆರೆದು ನೋಡಬಹುದು.

ರೆಪೊಸಿಟರಿ ಸೇರಿಸುವುದಾದರೆ ಆಪ್ಟ್-ಕೀ ಬಳಸಿ ಎನ್ನುವ ಹಳೆಯ ಸೂಚನೆಗಳನ್ನು ಬಿಟ್ಟುಬಿಡಿ. ಆ ದಾರಿಯಲ್ಲಿ ಸೇರಿದ ಕೀಲಿಯನ್ನು ಆಪ್ಟ್ ಎಲ್ಲ ರೆಪೊಸಿಟರಿಗಳಿಗೂ ನಂಬುತ್ತದೆ. ಕೀಲಿಯನ್ನು /ಇಟಿಸಿ/ಆಪ್ಟ್/ಕೀರಿಂಗ್ಸ್ ಒಳಗಿಟ್ಟು, ಸೋರ್ಸಸ್ ಫೈಲಿನಲ್ಲಿ ಸೈನ್ಡ್-ಬೈ ಸಾಲಿನಿಂದ ಆ ಒಂದೇ ರೆಪೊಸಿಟರಿಗೆ ಕಟ್ಟಿಹಾಕಿ. ಪ್ರಿಫರೆನ್ಸಸ್.ಡಿ ಒಳಗೆ ಆ ರೆಪೊಸಿಟರಿಗೆ ಆದ್ಯತೆ -1 ಕೊಟ್ಟು, ಬೇಕಾದ ಪ್ಯಾಕೇಜಿಗೆ ಮಾತ್ರ 500 ಕೊಟ್ಟರೆ ಬೇರೆ ಯಾವ ಪ್ಯಾಕೇಜೂ ಅಲ್ಲಿಂದ ನುಸುಳುವುದಿಲ್ಲ. ಟ್ರಸ್ಟೆಡ್ ಯೆಸ್ ಎಂದು ಬರೆಯಿರಿ ಎನ್ನುವ ಸಲಹೆಯನ್ನು ಎಂದೂ ಕೇಳಬೇಡಿ, ಅದು ಸಹಿಯ ಪರೀಕ್ಷೆಯನ್ನೇ ಬಿಟ್ಟುಕೊಟ್ಟಂತೆ.

ಓಡುತ್ತಿರುವಾಗ ತೆಗೆದ ಸ್ನ್ಯಾಪ್‌ಶಾಟಿಗೆ ಮರಳಿದಾಗ ಗೆಸ್ಟಿನ ಗಡಿಯಾರ ಹಿಂದಿರಬಹುದು. ಆಗ ಆಪ್ಟ್, ರಿಲೀಸ್ ಫೈಲು ಇನ್ನೂ ಚಾಲ್ತಿಗೆ ಬಂದಿಲ್ಲ ಎನ್ನುತ್ತದೆ. ರೆಪೊಸಿಟರಿ ಕೆಟ್ಟಿದೆ ಎಂದುಕೊಂಡು ಸಹಿ ಪರೀಕ್ಷೆಯನ್ನು ನಿಲ್ಲಿಸಬೇಡಿ, ಸಮಯ ಸರಿಮಾಡಿ. 404 ಬಂದರೆ ಪ್ಯಾಕೇಜು ಪಟ್ಟಿ ಹಳತಾಗಿದೆ, ಅಪ್‌ಡೇಟ್ ಓಡಿಸಿದರೆ ಆಯಿತು.

ಎಲ್ಲ ಸರಿಯಿದೆ ಎನಿಸಿದ ಮೇಲೆ ನಿಜವಾದ ಯಂತ್ರಕ್ಕೆ ಹಾಕುವಾಗ ಮತ್ತೆ ತಾಣದಿಂದ ಇಳಿಸಬೇಡಿ. ವಿಎಂನಲ್ಲಿ ಪರೀಕ್ಷಿಸಿದ್ದು ಒಂದು ಫೈಲು, ಈಗ ಬರುವುದು ಇನ್ನೊಂದು ಆಗಿರಬಹುದು. ಬಿಚ್ಚಿ ನೋಡುವ ಮುಂಚೆಯೇ ಹೋಸ್ಟಿನಲ್ಲಿ ಒಂದು ಪ್ರತಿ ಇಟ್ಟುಕೊಂಡು, ಶಾ256 ಎರಡೂ ಕಡೆ ಒಂದೇ ಇದೆಯೇ ನೋಡಿ ಅದನ್ನೇ ಹಾಕಿ. ಪ್ಯಾಕೇಜು ತನ್ನ ರೆಪೊಸಿಟರಿ ಸೇರಿಸಿದ್ದರೆ ಮುಂದಿನ ಅಪ್‌ಡೇಟು ನಿಮ್ಮ ಪರೀಕ್ಷೆಗೆ ಸಿಗದೆಯೇ ಬರುತ್ತದೆ. ಆಪ್ಟ್-ಮಾರ್ಕ್ ಹೋಲ್ಡ್ ಹಾಕಿ ತಡೆಯಬಹುದು, ಆದರೆ ಭದ್ರತಾ ತಿದ್ದುಪಡಿಗಳೂ ನಿಲ್ಲುತ್ತವೆ. ಅಪರೂಪಕ್ಕೆ ಬಳಸುವ ಸಣ್ಣ ಉಪಕರಣಕ್ಕೆ ಹೋಲ್ಡ್ ಸರಿ, ಬ್ರೌಸರಿನಂಥ ನೆಟ್ಟಿಗೆ ಮೈಯೊಡ್ಡಿದ ಪ್ಯಾಕೇಜಿಗೆ ಹೋಲ್ಡ್ ಹಾಕಲೇಬಾರದು.