ಅಪ್ಪನ ಇಸಿಜಿಗೆ ಲ್ಯಾಮಿನೇಷನ್ ಮಾಡಿಸಿದ್ದೆ

ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯ ರೆಕಾರ್ಡ್ ರೂಮ್‌ನಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಡಿಸ್ಚಾರ್ಜ್ ಆದವರ ಫೈಲುಗಳೆಲ್ಲ ನನ್ನ ಟೇಬಲ್ಲಿಗೆ ಬರುತ್ತವೆ. ಹಾಳೆ ಎಣಿಸಬೇಕು, ಡಾಕ್ಟರ ಸಹಿ ಬಿಟ್ಟುಹೋಗಿದ್ದರೆ ವಾರ್ಡಿಗೆ ವಾಪಸ್ ಕಳಿಸಬೇಕು, ಆಮೇಲೆ ನಂಬರ್ ಪ್ರಕಾರ ರ‍್ಯಾಕಿಗೆ ಏರಿಸಬೇಕು. ಕಾಗದ ಕಾಯುವುದೇ ನನ್ನ ಹೊಟ್ಟೆಪಾಡು. ಅಂಥ ನಾನೇ ನಮ್ಮ ಅಪ್ಪನ ಕಾಗದ ಹಾಳು ಮಾಡಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

2019ರಲ್ಲಿ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಬೇಕಿತ್ತು. ಅದಕ್ಕೆ ಮುಂಚೆ ಫಿಟ್‌ನೆಸ್ ಅಂತ ಇನ್ನೊಂದು ದವಾಖಾನೆಯಲ್ಲಿ ಇಸಿಜಿ ತೆಗೆಸಿದೆವು. ಅಲ್ಲಿನ ಡಾಕ್ಟರ್ ಹಾಳೆ ನೋಡಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ‘ಎಡಗಡೆ ಬಂಡಲ್ ಬ್ರಾಂಚ್ ಬ್ಲಾಕ್ ಇದೆ, ಅಂದ್ರೆ ಹೃದಯದೊಳಗೆ ಕರೆಂಟ್ ಹರಿಯೋ ಎಡಗಡೆ ದಾರಿಯಲ್ಲಿ ತಡೆ. ಹೃದಯ ಬಡಿಯೋದೇನೋ ಚೆನ್ನಾಗಿದೆ, ಹೆದರಬೇಡಿ. ಆದರೆ ಈ ಇಸಿಜಿ ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ’ ಅಂದರು. ಜೋಪಾನ ಅಂದರಲ್ಲ, ನಾನು ಸೀದಾ ಗಾಂಧಿ ಚೌಕದ ಹತ್ತಿರ ಝೆರಾಕ್ಸ್ ಅಂಗಡಿಗೆ ಹೋಗಿ ಲ್ಯಾಮಿನೇಷನ್ ಮಾಡಲು ಕೊಟ್ಟೆ. ಹುಡುಗ ಪ್ಲಾಸ್ಟಿಕ್ ಕವರಿನೊಳಗೆ ಹಾಳೆ ಸೇರಿಸಿ ಮಷೀನಿಗೆ ಬಿಟ್ಟ. ಆ ಕಡೆ ಹೊರಬಂದಾಗ ಪೂರ್ತಿ ಕರ್ರಗಾಗಿತ್ತು. ಒಂದು ಗೆರೆಯೂ ಕಾಣುತ್ತಿರಲಿಲ್ಲ.

ಇಸಿಜಿ ಹಾಳೆಯ ಮೇಲೆ ಇಂಕ್ ಇರುವುದಿಲ್ಲ. ಅದು ಥರ್ಮಲ್ ಪೇಪರ್, ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ. ಮಷೀನಿನ ಬಿಸಿ ಮುಳ್ಳು ಓಡಾಡಿದ ಕಡೆ ಗೆರೆ ಮೂಡುತ್ತದೆ, ಅಷ್ಟೇ. ಇಡೀ ಹಾಳೆಗೇ ಬಿಸಿ ಕೊಟ್ಟರೆ ಇಡೀ ಹಾಳೆಯೇ ಕಪ್ಪು. ಬಸ್ ಟಿಕೆಟ್ಟು, ಎಟಿಎಂ ಚೀಟಿ ಕೂಡ ಇದೇ ಜಾತಿ. ಸುಮ್ನೆ ಮಡಚಿ ಇಟ್ಟರೂ ವರ್ಷ ಎರಡು ವರ್ಷದಲ್ಲಿ ಮಾಸಿಹೋಗುತ್ತವೆ. ಇದೆಲ್ಲ ನನಗೆ ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ.

ಹೋಗಲಿ, ದವಾಖಾನೆಯಲ್ಲಿ ಒಂದು ಕಾಪಿ ಇರುತ್ತದಲ್ಲ ಅಂದುಕೊಂಡು ಸುಮ್ಮನಾದೆ. ಅದೂ ತಪ್ಪು. ಅಪ್ಪ ಅಲ್ಲಿ ಅಡ್ಮಿಟ್ ಆಗಿರಲಿಲ್ಲ. ಓಪಿಡಿಯಲ್ಲಿ ತೋರಿಸಿಕೊಂಡು ಬಂದವರ ಚೀಟಿ, ಇಸಿಜಿ, ರಿಪೋರ್ಟ್ ಎಲ್ಲ ಅವರ ಕೈಗೇ ಕೊಟ್ಟುಬಿಡುತ್ತಾರೆ. ಎಷ್ಟೋ ಕಡೆ ಆಸ್ಪತ್ರೆಯಲ್ಲಿ ಉಳಿಯುವುದು ಹೆಸರು ಮತ್ತು ಕಟ್ಟಿದ ಫೀಸು ಮಾತ್ರ.

ಎರಡು ವರ್ಷದ ಮೇಲೆ ಒಂದು ರಾತ್ರಿ ಹನ್ನೊಂದೂವರೆಗೆ ಅಪ್ಪ ಎದೆ ಹಿಡಿದುಕೊಂಡು ಕೂತರು. ಆಟೋದಲ್ಲಿ ಕರೆದುಕೊಂಡು ಹೋದೆವು. ಡ್ಯೂಟಿ ಡಾಕ್ಟರ್ ಇಸಿಜಿ ತೆಗೆದರು, ಮುಖ ಗಂಭೀರ ಆಯಿತು. ‘ಬ್ಲಾಕ್ ಇದೆ. ಇದು ಮುಂಚೆಯಿಂದ ಇತ್ತಾ, ಈಗ ಆಗಿದ್ದಾ? ಹಳೇ ಇಸಿಜಿ ಇದೆಯಾ?’ ಅಂತ ಕೇಳಿದರು. ಎದೆನೋವಿನ ಜೊತೆ ಈ ಬ್ಲಾಕ್ ಹೊಸದಾಗಿ ಕಂಡರೆ ಹಾರ್ಟ್ ಅಟ್ಯಾಕ್ ಇರಬಹುದು ಅಂತಲೇ ಅವರು ಓಡಾಡಬೇಕಾಗುತ್ತದೆ. ಹಳೆಯದಾದರೆ ಲೆಕ್ಕ ಬೇರೆ. ‘ಇತ್ತು ಸರ್, 2019ರಲ್ಲೇ ಹೇಳಿದ್ದರು’ ಅಂದೆ. ‘ಪೇಪರ್?’ ಅಂದರು. ನಾನು ಏನು ತೋರಿಸಲಿ? ಮನೆಯಲ್ಲಿದ್ದ ಕರೀ ಪ್ಲಾಸ್ಟಿಕ್ ತಗಡನ್ನೇ?

ಎರಡು ರಾತ್ರಿ ಐಸಿಯು. ಮೂರು ಸಲ ರಕ್ತ ತೆಗೆದು ಟ್ರೋಪೋನಿನ್ ನೋಡಿದರು (ಹೃದಯಕ್ಕೆ ಪೆಟ್ಟಾಗಿದ್ದರೆ ರಕ್ತದಲ್ಲಿ ಅದು ಏರುತ್ತದೆ), ಎಕೋ ಮಾಡಿದರು. ಕೊನೆಗೆ ಹೊಟ್ಟೆಯ ಆಸಿಡ್ ತೊಂದರೆ ಅಂತ ಆಯಿತು. ಹಳೇ ಇಸಿಜಿ ಇದ್ದಿದ್ದರೂ ಅಪ್ಪನ ವಯಸ್ಸಿಗೆ ಒಂದು ರಾತ್ರಿಯಾದರೂ ಇಟ್ಟುಕೊಳ್ಳುತ್ತಿದ್ದರೇನೋ. ಡಾಕ್ಟರದ್ದು ಏನೂ ತಪ್ಪಿಲ್ಲ. ಆದರೆ ಆ ಎರಡು ರಾತ್ರಿ ಐಸಿಯು ಬಾಗಿಲ ಹೊರಗೆ ಕೂತು ನಾನು ಯೋಚಿಸಿದ್ದು ಅಪ್ಪನ ಬಗ್ಗೆ ಎಷ್ಟೋ, ನನ್ನ ಕೌಂಟರಿಗೆ ಬಂದು ಹೋದವರ ಬಗ್ಗೆಯೂ ಅಷ್ಟೇ.

ಯಾಕಂದ್ರೆ ನನ್ನ ಕೌಂಟರಿಗೆ ದಿನಾ ಇಂಥವರೇ ಬರುತ್ತಾರೆ. ಇಂಡಿ, ಚಡಚಣ, ತಾಳಿಕೋಟಿ, ಸಿಂದಗಿ ಕಡೆಯಿಂದ. ಕೈಯಲ್ಲಿ ಒಂದು ಕ್ಯಾರಿಬ್ಯಾಗ್. ಇನ್ನು ಕೆಲವರ ಕೈಯಲ್ಲಿ ಅದೂ ಇರುವುದಿಲ್ಲ. ನಾನು ವರ್ಷಗಟ್ಟಲೆ ಅವರಿಗೆ ಹೇಳುತ್ತಿದ್ದ ಮಾತು ಒಂದೇ: ‘ಅರ್ಜಿ ಬರೆದುಕೊಟ್ಟು ಹೋಗ್ರಿ, ನಾಳೆ ಬರ್ರಿ.’ ಅವರಿಗೆ ನಾಳೆ ಅಂದರೆ ಮತ್ತೊಂದು ಸಲ ಬಸ್ ಚಾರ್ಜು, ಮತ್ತೊಂದು ದಿನದ ಕೂಲಿ ಕಟ್ಟು. ನನಗೆ ಅದು ಬರೀ ಒಂದು ಪದ ಆಗಿತ್ತು.

ಒಬ್ಬಾಕೆ ನೆನಪಾಗುತ್ತಾರೆ. ಇಂಡಿ ತಾಲ್ಲೂಕಿನವರು, ಗಂಡ ಹೆಂಡತಿ ಇಬ್ಬರೂ ಯಾರದೋ ಲಿಂಬೆ ತೋಟದಲ್ಲಿ ದುಡಿಯುವವರು. ಆರು ವರ್ಷದ ಹಿಂದೆ ನಮ್ಮಲ್ಲಿ ಗಂಡನ ಹೊಟ್ಟೆಯೊಳಗಿನ ಗಂಟು ತೆಗೆದಿದ್ದರು. ಈಗ ಮತ್ತೆ ಗಂಟು ಬಂದಿದೆ, ಸೊಲ್ಲಾಪುರಕ್ಕೆ ತೋರಿಸಲು ಹೋಗಿದ್ದಾರೆ.

‘ಯಕ್ಕಾರ, ನಮ್ಮ ಮನ್ಯಾವರ ಕಾಗದ ಬೇಕಾಗ್ಯಾವ್ರಿ. ಮದಲ ತಗದಿದ್ದು ಎಂಥಾ ಗಂಟು ಅಂತ ಸೊಲ್ಲಾಪುರದಾಗ ಕೇಳಾಕತ್ತಾರ್ರಿ.’

ನಾನು ರಿಜಿಸ್ಟರ್ ತೆಗೆದೆ. ಹೆಸರು ಸಿಕ್ಕಿತು, ನಂಬರ್ ಸಿಕ್ಕಿತು. ರ‍್ಯಾಕಿನಲ್ಲಿ ಆ ವರ್ಷವೇ ಇಲ್ಲ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು ಅಂತ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮ ಹೇಳುತ್ತದೆ. ಪೊಲೀಸ್ ಕೇಸಿನ ಫೈಲುಗಳನ್ನು ಬೇರೆ ಕಪಾಟಿನಲ್ಲಿ ಬೀಗ ಹಾಕಿ ಜಾಸ್ತಿ ವರ್ಷ ಇಡುತ್ತೇವೆ. ಕೆಲವು ಆಸ್ಪತ್ರೆಗಳು ಮಾಮೂಲಿ ಫೈಲನ್ನೂ ಹೆಚ್ಚು ಕಾಲ ಇಡುತ್ತವೆ. ನಮ್ಮಲ್ಲಿ ಜಾಗ ಇಲ್ಲ. ಅವಧಿ ಮುಗಿದ ಫೈಲುಗಳ ಪಟ್ಟಿ ಮಾಡಿ, ಮೇಲಿನವರ ಸಹಿ ತೆಗೆದುಕೊಂಡು, ಚೂರು ಮಾಡಿಸುತ್ತೇವೆ. ಆ ಪಟ್ಟಿ ಟೈಪ್ ಮಾಡಿದವಳು ನಾನೇ.

ರಿಜಿಸ್ಟರಿನಲ್ಲಿ ಉಳಿದಿದ್ದು ಒಂದೇ ಸಾಲು: ಹೊಟ್ಟೆ ತೆರೆದು ಗಂಟು ತೆಗೆಯಲಾಗಿದೆ. ಎಂಥ ಗಂಟು? ಕೆಟ್ಟದ್ದೋ, ಒಳ್ಳೆಯದೋ? ಅದು ಬಯಾಪ್ಸಿ ರಿಪೋರ್ಟಿನಲ್ಲಿ ಇರುತ್ತದೆ. ‘ರಿಪೋರ್ಟ್ ಎಲ್ಲಿ ಇಟ್ಟಿದ್ರಿ?’ ಅಂತ ಕೇಳಿದೆ. ‘ಆರಾಮ ಆತಲ್ರಿ, ಎಲ್ಲಿ ಹೋತೋ’ ಅಂದರು. ಆಮೇಲೆ ಕುಪ್ಪಸದೊಳಗಿಂದ ಸಣ್ಣ ಪರ್ಸ್ ತೆಗೆದು, ಎಂಟು ಮಡಿಕೆಯ ಒಂದು ಚೀಟಿ ಬಿಡಿಸಿ ಟೇಬಲ್ ಮೇಲಿಟ್ಟರು. ಲ್ಯಾಬಿನ ಬಿಲ್! ರೊಕ್ಕ ಕೊಟ್ಟಿದ್ದಕ್ಕೆ ಸಾಕ್ಷಿ ಅಂತ ಆರು ವರ್ಷ ಅದನ್ನು ಕಾಪಾಡಿದ್ದಾರೆ.

ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಮ್ಮ ಕಡೆ ಜನ ರಿಪೋರ್ಟ್ ಎಸೆದರೂ ಬಿಲ್ ಎಸೆಯುವುದಿಲ್ಲ. ಅವತ್ತು ಆ ಬುದ್ಧಿಯೇ ಕಾಪಾಡಿತು. ಬಿಲ್ ನಂಬರ್ ಹೇಳಿ ಲ್ಯಾಬಿಗೆ ಫೋನ್ ಮಾಡಿದೆ. ಅವರ ಕಂಪ್ಯೂಟರಿನಲ್ಲಿ ರಿಪೋರ್ಟ್ ಇತ್ತು, ಸಂಜೆಯೊಳಗೆ ಕಳಿಸಿದರು. ಮೇಣದ ಬ್ಲಾಕ್ ಕೂಡ ಇತ್ತು. ಬಯಾಪ್ಸಿಗೆ ಕಳಿಸಿದ ತುಣುಕನ್ನು ಮೇಣದಲ್ಲಿ ಹುದುಗಿಸಿ ಇಡುತ್ತಾರೆ, ಅದೇ ಬ್ಲಾಕ್. ಅದರಿಂದ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಇಟ್ಟಿದ್ದು ಸ್ಲೈಡ್. ಗಂಟಿನ ವಿಷಯಕ್ಕೆ ಬೇರೆ ಊರಿಗೆ ಹೋಗುವವರು ರಿಪೋರ್ಟಿನ ಜೊತೆ ಈ ಬ್ಲಾಕ್, ಸ್ಲೈಡ್ ಕೇಳಿ ಒಯ್ಯಬೇಕು. ಅಲ್ಲಿನ ಡಾಕ್ಟರು ಬರೀ ಇನ್ನೊಬ್ಬರು ಬರೆದದ್ದನ್ನು ಓದುವುದಿಲ್ಲ, ತಾವೇ ಮತ್ತೊಮ್ಮೆ ಕಣ್ಣಿಟ್ಟು ನೋಡುತ್ತಾರೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಈ ಘಟನೆ, ಅಪ್ಪನ ಐಸಿಯು ರಾತ್ರಿಗಳು, ಎರಡೂ ಆರೇಳು ತಿಂಗಳ ಅಂತರದಲ್ಲಿ ಆದವು. ಆಮೇಲೆ ನಾನು ಕೆಲಸ ಮಾಡುವ ರೀತಿ ಸ್ವಲ್ಪ ಬದಲಾಯಿತು.

ಮೊದಲನೆಯದು, ಫೈಲ್ ಯಾರದು ಅನ್ನುವ ಜಗಳ. ‘ಫೈಲ್ ಆಸ್ಪತ್ರೆಯದು, ಕೊಡಲ್ಲ’ ಅಂತ ನಾನೂ ಎಷ್ಟೋ ಸಲ ಹೇಳಿದ್ದೇನೆ. ಮೂಲ ಫೈಲ್ ಆಸ್ಪತ್ರೆಯಲ್ಲೇ ಇರುತ್ತದೆ, ನಿಜ. ಆದರೆ ಅದರ ಕಾಪಿ ಕೇಳುವ ಹಕ್ಕು ರೋಗಿಗಿದೆ. ರೋಗಿಯೋ ಅವರ ಪರವಾಗಿ ಬಂದವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದೇ 2002ರ ನಿಯಮದಲ್ಲಿದೆ. ಕಾರಣ ಹೇಳಬೇಕು ಅಂತೇನೂ ಇಲ್ಲ. ಆದರೂ ಕಾಪಿ ಕೇಳಿದ ತಕ್ಷಣ ಆಫೀಸಿನವರ ಮುಖ ಸಣ್ಣದಾಗುತ್ತದೆ, ಕೋರ್ಟಿಗೆ ಹೋಗ್ತಾರೇನೋ ಅಂತ ಅನುಮಾನ. ನನ್ನ 11 ವರ್ಷದಲ್ಲಿ ಕಾಪಿ ಕೇಳಿದವರಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದವರನ್ನು ಬೆರಳ ಮೇಲೆ ಎಣಿಸಬಹುದು. ಉಳಿದವರಿಗೆ ಬೇಕಾಗಿದ್ದು ಮಿರಜಿನ, ಹುಬ್ಬಳ್ಳಿಯ, ಬೆಂಗಳೂರಿನ ಡಾಕ್ಟರಿಗೆ ತೋರಿಸಲು. ಇಲ್ಲವೇ ಇನ್ಶೂರೆನ್ಸಿಗೆ.

ಬಾಯಲ್ಲಿ ಕೇಳಿದರೆ ‘ನಾಳೆ ಬರ್ರಿ’ ಅನ್ನುವ ನನ್ನಂಥವರು ಎಲ್ಲ ಕಡೆ ಇರುತ್ತಾರೆ. ಹಾಗಾಗಿ ಬರೆದು ಕೊಡಿ. ಹೆಸರು, ಐಪಿ ನಂಬರ್ (ಅಡ್ಮಿಟ್ ಆದಾಗ ಕೊಡುವ ನಂಬರ್), ಅಡ್ಮಿಟ್ ಆದ ಮತ್ತು ಡಿಸ್ಚಾರ್ಜ್ ಆದ ತಾರೀಕು ಇದ್ದರೆ ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಕು ಹಾಕಿಸಿ ಸೀಲ್ ಹೊಡೆಸಿಕೊಳ್ಳಿ. ಆ ಸೀಲಿಗೆ ಇರುವ ಬೆಲೆ ಒಳಗೆ ಕೂತವಳಿಗೆ ಗೊತ್ತು.

ಎರಡನೆಯದು, ಏನು ಕೇಳಬೇಕು ಅನ್ನುವುದು. ಮನೆಗೆ ಹೋಗುವಾಗ ಡಿಸ್ಚಾರ್ಜ್ ಸಮರಿ ಅಂತ ಒಂದೆರಡು ಹಾಳೆ ಕೊಡುತ್ತೇವೆ. ಜನ ಅದೇ ಎಲ್ಲ ಅಂದುಕೊಳ್ಳುತ್ತಾರೆ. ಅದರಲ್ಲಿ ‘ಆಂಟಿಬಯಾಟಿಕ್ ಇಂಜೆಕ್ಷನ್ ಕೊಡಲಾಯಿತು’ ಅಂತ ಒಂದು ಸಾಲು ಇರುತ್ತದೆ. ಯಾವ ಇಂಜೆಕ್ಷನ್? ಎಷ್ಟು ದಿನ? ಮೂರನೇ ದಿನ ರಾತ್ರಿ ಮೈಯೆಲ್ಲ ದದ್ದು ಎದ್ದು ಆ ಇಂಜೆಕ್ಷನ್ ನಿಲ್ಲಿಸಿದ್ದು? ಅದು ಡ್ರಗ್ ಚಾರ್ಟಿನಲ್ಲಿ, ಸಿಸ್ಟರ್ ಬರೆದ ಹಾಳೆಯಲ್ಲಿ ಇರುತ್ತದೆ. ಮುಂದೆ ಯಾವುದೋ ಊರಿನಲ್ಲಿ ಮತ್ತೆ ಅದೇ ಇಂಜೆಕ್ಷನ್ ಚುಚ್ಚಿದರೆ? ಆಪರೇಷನ್ ಆದವರು ಆಪರೇಷನ್ ನೋಟ್ಸ್ ಕೇಳಲೇಬೇಕು. ಸಿಟಿ, ಎಂಆರ್‌ಐ ಆದವರು ಸಿಡಿ ಕೇಳಬೇಕು. ಫಿಲ್ಮಿನಲ್ಲಿ ಆಯ್ದ ಕೆಲವು ಚಿತ್ರ ಮಾತ್ರ ಇರುತ್ತವೆ, ಸಿಡಿಯಲ್ಲಿ ನೂರಾರು.

ಮೈಯೊಳಗೆ ಏನಾದರೂ ಕೂರಿಸಿದ್ದರೆ, ಅಂದ್ರೆ ಸ್ಟೆಂಟ್, ಮಂಡಿಚಿಪ್ಪು, ಕಣ್ಣಿನ ಲೆನ್ಸ್, ಪೇಸ್‌ಮೇಕರ್, ಅದರ ಡಬ್ಬಿಯ ಮೇಲಿನ ಸ್ಟಿಕ್ಕರನ್ನು ಫೈಲಿಗೆ ಅಂಟಿಸಿರುತ್ತಾರೆ. ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಅದರಲ್ಲೇ. ಆ ಹಾಳೆಯ ಫೋಟೋ ಆದರೂ ತೆಗೆದುಕೊಳ್ಳಿ. ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಒಂದು ಕಾರ್ಡ್ ಕೊಡುತ್ತಾರೆ. ಕೆಲವು ಮಾಡೆಲ್ ಇದ್ದರೆ ಕೆಲವು ಷರತ್ತಿನ ಮೇಲೆ ಎಂಆರ್‌ಐ ಮಾಡಬಹುದು, ಹಳೇ ಮಾಡೆಲ್‌ಗಳಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ಯಾವುದು ಅಂತ ಹೇಳುವುದು ಆ ಕಾರ್ಡ್. ಅದನ್ನು ಟ್ರಂಕಿನಲ್ಲಿ ಇಟ್ಟು ಎಂಆರ್‌ಐ ಬಾಗಿಲಿಗೆ ಬಂದು ನಿಂತ ಒಬ್ಬ ಅಜ್ಜನನ್ನು ಹಾಗೆಯೇ ಊರಿಗೆ ವಾಪಸ್ ಕಳಿಸಿದ್ದನ್ನು ನಾನು ನೋಡಿದ್ದೇನೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಆದವರದ್ದು ಇನ್ನೊಂದು ಸಂಕೋಚ. ‘ನಾವೇನ್ ರೊಕ್ಕ ಕೊಟ್ಟಿಲ್ಲಲ್ರಿ, ಕಾಗದ ಹ್ಯಾಂಗ ಕೇಳೂದು?’ ಅಂತಾರೆ. ಕೇಳಿ ನನಗೇ ನಾಚಿಕೆ ಆಗುತ್ತದೆ. ಯೋಜನೆಯಲ್ಲಿ ಆದರೂ ಕಾಪಿ ನಿಮ್ಮದೇ. ಹಾಗೇ ಆಭಾ ಕಾರ್ಡು ಮಾಡಿಸಿದ್ದೇವೆ, ಎಲ್ಲ ಅದರಲ್ಲೇ ಇರುತ್ತೆ ಅಂತಾರೆ. ಆಭಾ ಅಂದರೆ 14 ಅಂಕಿಯ ಒಂದು ನಂಬರ್. ಆಸ್ಪತ್ರೆಯವರು ಆ ನಂಬರಿಗೆ ರಿಪೋರ್ಟ್ ಜೋಡಿಸಿದರೆ ಮಾತ್ರ ಮೊಬೈಲಿನಲ್ಲಿ ಕಾಣುತ್ತದೆ. ಜೋಡಿಸದಿದ್ದರೆ ಖಾಲಿ. ಆರು ವರ್ಷ ಹಿಂದಿನ ಗಂಟು ತಾನಾಗಿಯೇ ಅದರೊಳಗೆ ಬಂದು ಕೂರುವುದಿಲ್ಲ.

ಡಿಸ್ಚಾರ್ಜ್ ದಿನ ಎಲ್ಲರಿಗೂ ಬಸ್ಸಿನ ಗಡಿಬಿಡಿ. ಆದರೂ ಐದು ನಿಮಿಷ ನಿಂತು ಹೆಸರು, ವಯಸ್ಸು, ಎಡ ಬಲ ನೋಡಿಕೊಳ್ಳಿ ಅಂತ ನಾನು ಈಗ ಹೇಳುತ್ತೇನೆ. ಊರಲ್ಲಿ ಮಲ್ಲಪ್ಪ, ಆಧಾರಿನಲ್ಲಿ ಮಲ್ಲಿಕಾರ್ಜುನ, ನಮ್ಮ ಹಾಳೆಯಲ್ಲಿ ಮಲ್ಲೇಶಪ್ಪ. ಇನ್ಶೂರೆನ್ಸಿನವರಿಗೆ ಇವರು ಮೂರು ಜನ. ಅವತ್ತೇ ಆದರೆ ತಿದ್ದಲು ಒಂದು ಸಹಿ ಸಾಕು, ವರ್ಷ ಆದಮೇಲೆ ಅಫಿಡವಿಟ್.

ಇಡುವುದು ಹೇಗೆ? ದೊಡ್ಡ ವಿದ್ಯೆ ಏನಿಲ್ಲ. ಗೋಡೆಯ ಗೂಟಕ್ಕೆ ಕ್ಯಾರಿಬ್ಯಾಗಿನಲ್ಲಿ ತೂಗುಹಾಕಿದ್ದು ಮಳೆಗಾಲಕ್ಕೆ ಮುದ್ದೆ ಆಗುತ್ತದೆ. ಎಕ್ಸ್‌ರೇ ಅಂತೂ ಗ್ರಹಣ ಬಂದರೆ ಹುಡುಗರ ಕೈಗೆ ಹೋಗುತ್ತದೆ (ಗ್ರಹಣ ನೋಡುವುದಕ್ಕೂ ಅದು ಬರುವುದಿಲ್ಲ, ಕಣ್ಣು ಹಾಳಾಗುತ್ತದೆ). ಜಿಪ್ ಇರುವ ಒಂದು ಪ್ಲಾಸ್ಟಿಕ್ ಫೈಲ್, ತಾರೀಕಿನ ಪ್ರಕಾರ ಹಾಳೆ, ಪ್ರತಿ ಹಾಳೆಯ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಿ. ಒಬ್ಬರದ್ದರಲ್ಲಿ ಮಾತ್ರ ಇದ್ದರೆ ಆ ಒಬ್ಬರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿರುತ್ತಾರೆ. ಇಸಿಜಿ ತೆಗೆಸಿದ ದಿನವೇ ಝೆರಾಕ್ಸ್. ಲ್ಯಾಮಿನೇಷನ್ ಬೇಡವೇ ಬೇಡ.

ಈಗ ದೂರದಿಂದ ಬಂದವರಿಗೆ ನಾನು ‘ನಾಳೆ ಬರ್ರಿ’ ಅನ್ನುವುದಿಲ್ಲ. ಫೈಲ್ ರ‍್ಯಾಕಿನಲ್ಲಿ ಇದ್ದರೆ, ಸಹಿ ಮಾಡುವವರು ಸಿಕ್ಕರೆ, ಊಟದ ಹೊತ್ತಿನೊಳಗೆ ಕೊಡುತ್ತೇನೆ. ಎಲ್ಲ ದಿನ ಆಗುವುದಿಲ್ಲ. ಝೆರಾಕ್ಸ್ ಮಷೀನ್ ಕೆಟ್ಟ ದಿನ ಬೈಸಿಕೊಳ್ಳುತ್ತೇನೆ.

ಅಪ್ಪನ ಆ ಕರೀ ಇಸಿಜಿಯನ್ನು ಎಸೆಯಲು ಮನಸ್ಸಾಗಲಿಲ್ಲ. ನನ್ನ ಕೌಂಟರಿನ ಪಕ್ಕದ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಕಾಪಿಗೆ ಕಾಯುತ್ತಾ ಕೂತವರು ಅದನ್ನೇ ನೋಡುತ್ತಾರೆ. ‘ಯಾರದ್ರಿ ಯಕ್ಕಾರ ಈ ಎಕ್ಸ್‌ರೇ?’ ಅಂತ ಕೇಳುತ್ತಾರೆ. ಇದು ಇಸಿಜಿ ಅಂದರೆ ನಂಬುವುದಿಲ್ಲ. ಮೊನ್ನೆ ಬಸವನ ಬಾಗೇವಾಡಿ ಕಡೆಯ ಒಬ್ಬ ಅಜ್ಜ ಎದ್ದು ಬಂದು, ಮೊಳೆಯಿಂದ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಏನೂ ಮಾತಾಡದೆ ಅಂಗಿ ಜೇಬಿನಿಂದ ತಮ್ಮ ಇಸಿಜಿ ತೆಗೆದು, ‘ಇದರದ ಒಂದು ಝೆರಾಕ್ಸ್ ಹೊಡದ ಕೊಡವ್ವಾ’ ಅಂದರು.