ಬ್ಲಾಗಿನಿಂದ ಬರುವ ಹಣದ ಲೆಕ್ಕಾಚಾರ

ಬ್ಲಾಗ್ ಬರೆದು ಹಣ ಸಂಪಾದಿಸಬಹುದೇ ಎಂದು ಬದಿಯಡ್ಕ, ಪೆರ್ಲ ಕಡೆಯ ಕಿರಿಯ ಗೆಳೆಯರು ಆಗಾಗ ಕೇಳುವುದುಂಟು. ಖಂಡಿತ ಸಾಧ್ಯ, ಆದರೆ ಆರಂಭದಲ್ಲಿ ಅದು ಇಂಟರ್‌ನೆಟ್ ಖರ್ಚಿಗೆ ಸಾಕಾದರೆ ಅದೇ ದೊಡ್ಡದು.

ಹೆಚ್ಚಿನವರು ಮೊದಲು ಹಿಡಿಯುವ ದಾರಿ ಗೂಗಲ್‌ನ ಆಡ್‌ಸೆನ್ಸ್ ಜಾಹೀರಾತು, ಅಂದರೆ ನಮ್ಮ ಬ್ಲಾಗಿನ ಪುಟದಲ್ಲಿ ಗೂಗಲ್ ಜಾಹೀರಾತು ತೋರಿಸಿ ಅದರ ಆದಾಯದಲ್ಲಿ ಒಂದು ಪಾಲನ್ನು ನಮಗೆ ಕೊಡುವ ವ್ಯವಸ್ಥೆ. ಗಳಿಕೆ 10 ಡಾಲರ್ ತಲುಪಿದಾಗ ವಿಳಾಸ ಖಚಿತಪಡಿಸಲು ಗುಪ್ತ ಸಂಖ್ಯೆಯಿರುವ (ಪಿನ್) ಪತ್ರವೊಂದು ಅಂಚೆಯಲ್ಲಿ ಬರುತ್ತದೆ. 100 ಡಾಲರ್ ಆಗುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ. ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಮನೆಯ ಹೆಸರೇ ವಿಳಾಸವಾಗಿರುವುದರಿಂದ, ಮನೆಹೆಸರು, ಅಂಚೆ ಕಚೇರಿ, ಪಿನ್‌ಕೋಡ್ ಮೂರನ್ನೂ ತಪ್ಪಿಲ್ಲದೆ ತುಂಬಿ, ಪೋಸ್ಟ್‌ಮ್ಯಾನ್‌ಗೂ ಒಂದು ಮಾತು ಹೇಳಿಟ್ಟರೆ ಒಳ್ಳೆಯದು. ತಮ್ಮ ಪುಟದ ಜಾಹೀರಾತನ್ನು ತಾವೇ ಒತ್ತುವುದು, ನೆಂಟರಿಂದ ಒತ್ತಿಸುವುದು ನಿಯಮಬಾಹಿರ, ಖಾತೆಯೇ ರದ್ದಾಗಬಹುದು.

ನನ್ನ ದೃಷ್ಟಿಯಲ್ಲಿ ಜಾಹೀರಾತಿಗಿಂತ ವಿಷಯದ ಆಯ್ಕೆಯೇ ಮುಖ್ಯ. ದಿನಚರಿಯಂತಹ ಬರಹವನ್ನು ಓದುವವರು ಪರಿಚಯದವರು ಮಾತ್ರ. ಅದೇ ಅಡಿಕೆಯ ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬಳಸಿ ಶೇ. 1ರ ಬೋರ್ಡೋ ದ್ರಾವಣ ಮಾಡುವ ಕ್ರಮವನ್ನು, ಸುಣ್ಣದ ನೀರಿಗೆ ಮೈಲುತುತ್ತಿನ ದ್ರಾವಣವನ್ನು ನಿಧಾನವಾಗಿ ಸುರಿಯುವ ಚಿತ್ರಗಳೊಂದಿಗೆ ಬರೆದಿಟ್ಟರೆ, ಪ್ರತಿ ಮಳೆಗಾಲಕ್ಕೂ ಅದನ್ನು ಹುಡುಕಿಕೊಂಡು ಬರುವ ಕೃಷಿಕರಿರುತ್ತಾರೆ. ಅಂತಹ ಬರಹದಲ್ಲಿ ಸ್ಪ್ರೇಯರ್ ಮಾರುವ ಅಂಗಡಿಯ ಕೊಂಡಿ ಕೊಟ್ಟು ಕಮಿಷನ್ ಪಡೆಯಲೂಬಹುದು, ಆದರೆ ಕಮಿಷನ್ ಸಿಗುತ್ತದೆಂಬುದನ್ನು ಓದುಗರಿಗೆ ಅಲ್ಲಿಯೇ ಸ್ಪಷ್ಟವಾಗಿ ತಿಳಿಸಬೇಕು. ಹೀಗೆ ಬಂದ ಹಣ ಎಷ್ಟೇ ಸಣ್ಣದಿರಲಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವವರು ಅದನ್ನೂ ಸೇರಿಸಿ ತೋರಿಸಬೇಕಾಗುತ್ತದೆ.