ದೊಡ್ಡಹುಣಸೆಯ ಚಿಗುರು ನೋಡಲು ಸವಣೂರಿಗೆ

ಸವಣೂರು ಅವ್ವನ ತವರು. ಯಾವಾಗ ಹೋದರೂ ಮೊದಲು ಮಾವನ ಮನೆ, ಚಹಾ, ಆಮೇಲೆ ಉಳಿದದ್ದು. 2023ರ ಅಕ್ಟೋಬರಿನಲ್ಲಿ ಮಾತ್ರ ಹಾವೇರಿಯಲ್ಲಿ ಬಸ್ಸು ಹತ್ತುವಾಗಲೇ ಅವಳು ಹೇಳಿಬಿಟ್ಟಳು: "ಮೊದಲು ಕಲ್ಮಠಕ್ಕೆ ಹೋಗೋಣ. ಮರ ನೋಡದೆ ನನಗೆ ನೀರೂ ಇಳಿಯುವುದಿಲ್ಲ."

ಆ ಜುಲೈ ತಿಂಗಳ ಮಳೆಗಾಲದಲ್ಲಿ ಮಠದ ಮೂರು ದೊಡ್ಡಹುಣಸೆ ಮರಗಳಲ್ಲಿ ಒಂದು ಬುಡಸಮೇತ ಉರುಳಿತ್ತು. ಮೊಬೈಲಿನಲ್ಲಿ ಬಂದ ಚಿತ್ರವನ್ನು ನೋಡಿ ಅವ್ವ ಒಂದು ದಿನವಿಡೀ ಸುಮ್ಮನಾಗಿದ್ದಳು. ಮಳೆ ಆ ಮೇಲೆ ಕೈಕೊಟ್ಟಿತು. ಆಗಸ್ಟ್ ಪೂರ್ತಿ ಒಣಗಿಹೋಯಿತು. ಬಸ್ಸಿನ ಕಿಟಕಿಯಾಚೆ ಗೋವಿನಜೋಳ ಮೊಣಕಾಲೆತ್ತರಕ್ಕೇ ಸುಟ್ಟಂತೆ ನಿಂತಿತ್ತು.

ಹೆಸರಿನಲ್ಲಿ ಹುಣಸೆ ಇದ್ದರೂ ಇದು ನಮ್ಮ ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ಹಣ್ಣಿನ ಹುಳಿಯಿಂದ ಆ ಹೆಸರು ಬಂದಿರಬೇಕು. ಮಖಮಲ್ಲಿನಂಥ ಸಿಪ್ಪೆಯನ್ನು ಒಡೆದರೆ ಒಳಗೆ ಸುಣ್ಣದ ಉಂಡೆಯಂಥ ಬಿಳಿ ತಿರುಳು. ಬಾಯಲ್ಲಿಟ್ಟರೆ ಹಲ್ಲು ಚುಳ್ಳೆನ್ನುತ್ತದೆ. ಅಂಗೈಯಷ್ಟು ದೊಡ್ಡ ಬಿಳಿ ಹೂವು ರಾತ್ರಿ ಅರಳುತ್ತದೆ, ಬಾವಲಿಗಳು ಅದನ್ನು ಹುಡುಕಿಕೊಂಡು ಬರುತ್ತವೆ. ಮರಕ್ಕೆ ಎರಡು ಸಾವಿರ ವರ್ಷ ಎಂದು ಊರಿನಲ್ಲಿ ಹೇಳುತ್ತಾರೆ. ನನಗೆ ಗೊತ್ತಿದ್ದ ಅಳತೆ ಬೇರೆ. ಬೇಸಿಗೆ ರಜೆಯಲ್ಲಿ ಓಣಿಯ ಮಕ್ಕಳೆಲ್ಲ ಕೈಕೈ ಹಿಡಿದು ಬುಡವನ್ನು ಸುತ್ತುವರಿಯಲು ಹೊರಟರೆ ಯಾವಾಗಲೂ ಇಬ್ಬರೋ ಮೂವರೋ ಕಡಿಮೆ ಬೀಳುತ್ತಿದ್ದೆವು.

ಮಠದ ಆವರಣದಲ್ಲಿ ಎರಡು ಮರಗಳು ಎಂದಿನಂತೆ ಎಲೆ ತುಂಬಿ ನಿಂತಿದ್ದವು. ಮೂರನೆಯದು ನಿಂತಿತ್ತು ಎನ್ನುವುದೇ ದೊಡ್ಡ ಮಾತು. ಅರಣ್ಯ ಇಲಾಖೆಯವರೂ ಮಠದವರೂ ಊರಿನವರೂ ಸೇರಿ, ಕೊಂಬೆಗಳ ಭಾರ ಇಳಿಸಿ, ಯಂತ್ರಗಳನ್ನು ತರಿಸಿ, ಅದನ್ನು ಮತ್ತೆ ಎತ್ತಿ ನೆಟ್ಟಿದ್ದರು. ನಮ್ಮ ಊರುಗಳಲ್ಲಿ ಹಳೆಯ ಮರ ಬಿದ್ದರೆ ಸಂಜೆಯೊಳಗೆ ಗರಗಸ ಬರುತ್ತದೆ, ಮರುದಿನ ಹಸಿ ಹೊಟ್ಟು ಮಾತ್ರ ಉಳಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಕಣ್ಣು ತುಂಬಿ ಬರುತ್ತದೆ.

ಹತ್ತಿರ ಹೋದೆ. ತಲೆ ಕಳೆದುಕೊಂಡ ಮೊಂಡು ಕಾಂಡ, ಆನೆಯ ಮೊಣಕಾಲಿನ ಹಾಗೆ ಮಡಿಕೆ ಮಡಿಕೆಯಾದ ಬೂದು ತೊಗಟೆ. ನನ್ನ ಕಣ್ಣಿನ ಮಟ್ಟದಲ್ಲೇ ಒಂದು ಮಡಿಕೆಯ ಸಂದಿನಿಂದ ಹೆಬ್ಬೆರಳುದ್ದದ ಚಿಗುರು ಹೊರಟಿತ್ತು. ತುದಿಯಲ್ಲಿ ಐದು ಎಳೆಯ ಎಲೆಗಳು, ಈಗಷ್ಟೇ ಬಿಚ್ಚಿದ ಮಗುವಿನ ಮುಷ್ಟಿಯಂತೆ. ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ಚಿಗುರು ಕಂಡಿತೆಂದು ಈಗಲೇ ಹಿಗ್ಗಬೇಡ ತಮ್ಮಾ. ಬೇರು ಹಿಡಿಯಬೇಕು" ಎಂದರು. ಅವರ ಮಾತು ಸರಿ. ಬಾವೋಬಾಬಿನ ಕಾಂಡ ಗಟ್ಟಿ ಕಟ್ಟಿಗೆಯಲ್ಲ. ನಾರುನಾರಾಗಿ, ಮೆತ್ತಗೆ, ನೀರು ತುಂಬಿಕೊಂಡಿರುತ್ತದೆ. ಒಣನಾಡಿನಲ್ಲಿ ಮಳೆಯಿಲ್ಲದ ತಿಂಗಳುಗಳನ್ನು ಅದು ದಾಟುವುದೇ ಹಾಗೆ. ಬೇರು ಕಿತ್ತ ಮೇಲೂ ಆ ಕೂಡಿಟ್ಟ ನೀರಿನಲ್ಲೇ ಎಲೆ ಬಿಡಬಲ್ಲದು. ಗಂಟು ಕರಗುವ ಮೊದಲು ಹೊಸ ಬೇರು ಮಣ್ಣಿಗಿಳಿಯಬೇಕು. ಚಳಿಗಾಲ ಕಳೆಯುವಷ್ಟರಲ್ಲಿ ಎಲೆಯೆಲ್ಲ ಉದುರುತ್ತದೆ. ಮುಂದಿನ ಮಳೆಗೆ ಮತ್ತೆ ಹಸಿರಾದರೆ ಆಗ ನಂಬಬಹುದು, ಅದರ ಮುಂದಿನ ಮಳೆಗೂ ಆದರೆ ಇನ್ನಷ್ಟು.

ಅವ್ವ ಅಷ್ಟೊತ್ತೂ ಮರವನ್ನು ಸುತ್ತುತ್ತಿದ್ದಳು. ಸೆರಗು ಹೊದ್ದು, ತಲೆಯೆತ್ತಿ, ತುಟಿ ಅಲ್ಲಾಡಿಸುತ್ತ, ಎರಡು ಸುತ್ತು. ಪ್ರದಕ್ಷಿಣೆ ಹಾಕುತ್ತಿದ್ದಾಳೆಂದು ನಾನು ದೂರವೇ ನಿಂತೆ.

ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ಮಂಡಿನೋವಿನಿಂದ ತಿಂಗಳಿನಿಂದ ಅವರು ಮಠದ ಕಡೆ ಹೋಗಿರಲಿಲ್ಲ. ಚಪ್ಪಲಿ ಬಿಡುವ ಮೊದಲೇ, "ಹೇಗಿದೆ?" ಎಂದರು.

"ಹದಿನೇಳು ಕಡೆ ಚಿಗುರಿದೆ ಅಣ್ಣಾ," ಎಂದಳು ಅವ್ವ. "ಎರಡು ಸಲ ಎಣಿಸಿದೆ."